ಕಾವು ಕೂತ ಹೇಂಟೆ, ಒಡೆಯದ ತತ್ತಿ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಗೋವಾದಲ್ಲಿ ಮನೆಯ ಹಿಂದೆ ನಾಲ್ಕು ಕೋಳಿ ಸಾಕಿಕೊಂಡ ನಮ್ಮವರು ಬಹಳ ಮಂದಿ. ಜುವಾರಿನಗರ, ವೆರ್ಣಾ, ಫೋಂಡಾ, ಎಲ್ಲಿ ಹೋದರೂ ಚಿರೇಕಲ್ಲಿನ ಗೋಡೆಗೆ ಒರಗಿಸಿದ ಒಂದು ಹಳೇ ಬುಟ್ಟಿ, ಅದರೊಳಗೆ ಕಾವು ಕೂತ ಒಂದು ಗಾಂವಟಿ (ನಾಟಿ) ಹೇಂಟೆ ಕಾಣಸಿಗುತ್ತದೆ. ಮರಿ ಆದರೆ ಸಂತೋಷ. ಆಗದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಕೋಳೀನ ಸರಿ ಇಲ್ರಿ."

ಕೋಳಿ ಬಹುತೇಕ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ತತ್ತಿ, ಇಲ್ಲವೇ ಅದು ಕೂತ ಜಾಗ, ಇಲ್ಲವೇ ಆ ಜಾಗದಲ್ಲಿ ಸೇರಿಕೊಂಡ ಹೇನು. ಈ ಮೂರನ್ನೂ ನೋಡಿ ಮುಗಿಸುವ ತನಕ ಹೇಂಟೆಯನ್ನು ಬೈಯಬೇಡಿ, ಸಾರಿಗೂ ಹಾಕಬೇಡಿ.

ಕಣ್ಣಿಗೆ ಬೀಳುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಬೇಕಾಗುವ ಸಾಮಾನು ಇಷ್ಟೇ: ಟಾರ್ಚ್ ಇರುವ ಮೊಬೈಲು, ಒಂದು ಪೆನ್ಸಿಲು, ಒಂದು ಬಿಳಿ ಬಟ್ಟೆ, ಗೋಡೆಯ ಕ್ಯಾಲೆಂಡರು. ಕೂಡ್ರಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕದವರಿಗೆ ಮುಂದಿನ ಅರ್ಧ ಬರಹ ಉಪಯೋಗಕ್ಕೆ ಬರುವುದಿಲ್ಲ.

ಕೂತಲ್ಲಿಂದ ಏಳುತ್ತಿಲ್ಲ. ಕಾವೋ, ಕಾಯಿಲೆಯೋ?

"ಅಕ್ಕಾ, ಕೋಳಿ ನಿನ್ನಿಯಿಂದ ಎದ್ದಿಲ್ರಿ, ಜಡ್ಡ ಬಂದೈತೇನೋ."

"ಕೈ ಹಾಕಿ ನೋಡೀಯೇನ?"

"ಹಾಕಿದ್ನಿರಿ, ಕಡೀತೈತಿ."

"ಹಂಗಾರ ಜಡ್ಡಲ್ಲ ಬಿಡ, ಕಾವಿಗೆ ಬಂದೈತಿ."

ಮೊದಲ ಪರೀಕ್ಷೆ ಇದೇ. ಕಾವಿಗೆ ಬಂದ ಹೇಂಟೆ ಕೈ ಹತ್ತಿರ ಬಂದ ಕೂಡಲೇ ಮೈಯೆಲ್ಲ ಉಬ್ಬಿಸಿ, ಗಂಟಲಲ್ಲಿ ಗುರ್ರೆಂದು, ಕುಕ್ಕಲು ಬರುತ್ತದೆ. ಹೊಟ್ಟೆಯ ಅಡಿ ಕೈಯಾಡಿಸಿದರೆ ಪುಕ್ಕ ಉದುರಿ ಬರಿ ಚರ್ಮ ಬೆಚ್ಚಗೆ ಸಿಗುತ್ತದೆ. ದಿನಕ್ಕೆ ಒಂದೋ ಎರಡೋ ಸಲ ಮಾತ್ರ ಇಳಿದು ಅವಸರದಲ್ಲಿ ಕಾಳು ತಿಂದು, ನೀರು ಕುಡಿದು, ಮೂಗು ಮುಚ್ಚಿಕೊಳ್ಳುವಂಥ ದಪ್ಪ ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ವಾಪಸ್. ಜುಟ್ಟು ಬಿಳಿಚುವುದು, ಮೈ ಹಗುರಾಗುವುದು ಇವೆಲ್ಲ ಕಾವಿನಲ್ಲಿ ಸಹಜ.

ಕಾಯಿಲೆಯ ಕೋಳಿ ಹಾಗಲ್ಲ. ಕೈ ಹಾಕಿದರೂ ಕಣ್ಣು ಅರೆಮುಚ್ಚಿ ಕೂತಿರುತ್ತದೆ, ರೆಕ್ಕೆ ಜೋತಿರುತ್ತವೆ, ಹಿಕ್ಕೆ ನೀರಾಗಿ ಹಸಿರಾಗಿರುತ್ತದೆ. ತಿಣುಕುತ್ತಾ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ತತ್ತಿ ಒಳಗೇ ಸಿಕ್ಕಿಕೊಂಡಿರಬಹುದು. ಒತ್ತಿ ಹೊರತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಕೋಳಿ ಉಳಿಯುವುದು ಕಷ್ಟ. ಅದೇ ದಿನ ಪಶು ವೈದ್ಯರಿಗೆ ತೋರಿಸಿ.

ಕಾವೇ ಹೌದೆಂದು ಅನಿಸಿದರೂ ಒಳ್ಳೆ ತತ್ತಿಗಳನ್ನು ತಕ್ಷಣ ಇಡಬೇಡಿ. ಅಂಗಡಿಯ ಎರಡು ತತ್ತಿ ಅಡಿಯಲ್ಲಿಟ್ಟು ಎರಡು ರಾತ್ರಿ ನೋಡಿ. ಹಗಲು ಕೂತು ರಾತ್ರಿ ಕೊಂಬೆ ಏರುವ ಕೋಳಿಗೆ ಇನ್ನೂ ಕಾವು ಬಂದಿಲ್ಲ. ಕತ್ತಲಾದ ಮೇಲೂ ಗೂಡಿನಲ್ಲೇ ಇದ್ದರೆ ಖಾತ್ರಿ.

ಎಷ್ಟು ಕಾದರೂ ಕಾವಿಗೆ ಬಾರದ ಕೋಳಿಗಳೂ ಇವೆ. ವನರಾಜ, ಗ್ರಾಮಪ್ರಿಯ, ನಮ್ಮ ಕಡೆಯ ಗಿರಿರಾಜ ಇವೆಲ್ಲ ಬೇಗ ಬೆಳೆಯಲಿ, ಹೆಚ್ಚು ತತ್ತಿ ಇಡಲಿ ಎಂದು ತಳಿ ಮಾಡಿದವು. ಕಾವು ಕೂರುವ ಗುಣ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಡಕ್‌ನಾಥ್ ಕೂಡ ಒಳ್ಳೆ ತಾಯಿಯಲ್ಲ. ಗಾಂವಟಿ ಹೇಂಟೆ, ಇಲ್ಲವೇ ಅಸೀಲ್ ಬೆರಕೆ ಇದ್ದರೆ ಮಾತ್ರ ಈ ಕೆಲಸಕ್ಕೆ ಇಳಿಯಿರಿ. ಬೇರೆ ತಳಿಯ ತತ್ತಿಯನ್ನೂ ಅದರ ಅಡಿಯಲ್ಲಿಟ್ಟು ಮರಿ ಮಾಡಿಸಬಹುದು.

ಮರಿ ಬೇಡ, ಕಾವು ಬಿಡಿಸಬೇಕು ಎನ್ನುವವರು ಕೋಳಿಯನ್ನು ನೀರಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಮಾಡುತ್ತಾರೆ. ಎರಡೂ ಬರಿ ಹಿಂಸೆ. ತಳದಲ್ಲಿ ಜಾಲಿಯಿರುವ ಪಂಜರವನ್ನು ನೆಲದಿಂದ ಎತ್ತರಿಸಿ, ಕಾಳು ನೀರಿಟ್ಟು, ಅದರಲ್ಲಿ ಮೂರು ನಾಲ್ಕು ದಿನ ಬಿಡಿ. ಹೊಟ್ಟೆಗೆ ಗಾಳಿ ತಾಗಿ ಕಾವು ಇಳಿಯುತ್ತದೆ.

ಕೆಲವು ದಿನ ಕೂತು, ಎದ್ದು ಹೋಯಿತು

ಕೋಳಿಯ ಮೇಲೆ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಕೋಳಿಯ ತಪ್ಪು ಕಡಿಮೆ ಇರುವುದೂ ಇಲ್ಲೇ.

ಮೊದಲು ಕಾಳು ನೀರು ಎಷ್ಟು ದೂರದಲ್ಲಿವೆ ನೋಡಿ. ಉಳಿದ ಕೋಳಿಗಳು ತಿಂದು ಮುಗಿಸಿದ ಮೇಲೆ ಇದು ಇಳಿದು ಬಂದರೆ ಹೊಟ್ಟೆಗಾಗಿ ಅಲೆಯಬೇಕಾಗುತ್ತದೆ, ತತ್ತಿ ತಣ್ಣಗಾಗುತ್ತವೆ. ಗೂಡಿನಿಂದ ನಾಲ್ಕು ಹೆಜ್ಜೆಯಲ್ಲಿ ಜೋಳ, ಅಕ್ಕಿ, ನೀರು ಇಡಿ. ಗೂಡಿಗೆ ತೀರ ಅಂಟಿಸಿ ಇಡಬೇಡಿ, ಎದ್ದು ಹೋಗದೆ ಅಲ್ಲೇ ಹಿಕ್ಕೆ ಹಾಕಿ ತತ್ತಿ ಕೆಡಿಸುತ್ತದೆ.

ಎರಡನೆಯದು ಬಿಸಿ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಅಡಿ ಮಧ್ಯಾಹ್ನ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಾ ತತ್ತಿಯಿಂದ ಮೈ ಎತ್ತಿಕೊಂಡು ಕೂತಿದ್ದರೆ ಜಾಗ ಕಾದಿದೆ ಎಂದೇ ಅರ್ಥ. ಹೇಂಟೆಯ ಅಡಿಯಲ್ಲಿ ತತ್ತಿಗೆ ಬೇಕಾದದ್ದು ಸುಮಾರು 37.5 ಡಿಗ್ರಿ. 40 ದಾಟಿದರೆ ಒಳಗಿನ ಜೀವ ಉಳಿಯುವುದಿಲ್ಲ. ತಗಡಿನ ಮೇಲೆ ತೆಂಗಿನ ಸೋಗೆ ಹಾಸಿ, ಇಲ್ಲವೇ ಗೋಣಿಚೀಲ ನೆನೆಸಿ ಹಾಕಿ.

ಮೂರನೆಯದು ಜಾಗ ಬದಲಿಸಿದ್ದು. ಹಗಲಲ್ಲಿ ಬುಟ್ಟಿ ಎತ್ತಿ ಬೇರೆ ಕಡೆ ಇಟ್ಟರೆ ಗಾಂವಟಿ ಕೋಳಿ ಹಳೇ ಜಾಗಕ್ಕೇ ಓಡುತ್ತದೆ, ಅಲ್ಲಿ ಏನೂ ಇಲ್ಲದಿದ್ದರೂ ಬರಿ ನೆಲದ ಮೇಲೆ ಕೂರುತ್ತದೆ. ಬದಲಿಸಲೇಬೇಕಾದರೆ ಪೂರ್ತಿ ಕತ್ತಲಾದ ಮೇಲೆ, ದೀಪ ಹಚ್ಚದೆ, ಕೋಳಿ ಬುಟ್ಟಿ ಎರಡನ್ನೂ ಒಟ್ಟಿಗೆ ಸಾಗಿಸಿ. ಮರುದಿನ ಬಾಗಿಲು ಮುಚ್ಚಿಟ್ಟು, ಊಟಕ್ಕೆ ಇಳಿದಾಗ ಮಾತ್ರ ತೆರೆಯಿರಿ.

ಇಷ್ಟೂ ಸರಿ ಇದ್ದು ಕೋಳಿ ಎದ್ದು ಹೋಗುತ್ತಿದೆಯೆಂದರೆ ಹೇನು. ಹಗಲಲ್ಲಿ ಬುಟ್ಟಿ ನೋಡಿ "ಏನೂ ಇಲ್ಲ" ಎನ್ನುವುದೇ ಎಲ್ಲರೂ ಎಡವುವ ಜಾಗ. ಕೋಳಿಯ ರಕ್ತ ಹೀರುವ ಈ ಕೆಂಪು ಹೇನು ಹಗಲು ಬುಟ್ಟಿಯ ಹೆಣಿಗೆಯಲ್ಲಿ, ಹಲಗೆಯ ಸಂದಿಯಲ್ಲಿ, ಚಿರೇಕಲ್ಲಿನ ತೂತುಗಳಲ್ಲಿ ಅಡಗಿರುತ್ತದೆ. ರಾತ್ರಿ ಹೊರಬಂದು ಕೋಳಿಯ ಮೈಗೆ ಹತ್ತುತ್ತದೆ. ರಾತ್ರಿ ಹತ್ತರ ಮೇಲೆ ಮೊಬೈಲ್ ಟಾರ್ಚ್ ಹಿಡಿದು, ಬುಟ್ಟಿಯ ಅಂಚಿಗೆ ಬಿಳಿ ಬಟ್ಟೆ ಒತ್ತಿ ಒರೆಸಿ. ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ ಹರಿದಾಡಿದರೆ, ಒತ್ತಿದಾಗ ಕೆಂಪು ಗೆರೆ ಬಿದ್ದರೆ, ಉತ್ತರ ಸಿಕ್ಕಿತು. ಬರಿಗೈಯಿಂದ ತಡಕಿದವರ ತೋಳೆಲ್ಲ ತುರಿಸುತ್ತದೆ, ಅದೂ ಒಂದು ಪರೀಕ್ಷೆಯೇ.

ಕಣ್ಣಿನ ಸುತ್ತ, ಜುಟ್ಟಿನ ಬುಡದಲ್ಲಿ ಕಪ್ಪು ಕಾಳಿನಂತೆ ಅಂಟಿಕೊಂಡು ಅಲುಗದಿದ್ದರೆ ಅದು ಬೇರೆ ಹುಳು, ಕೋಳಿ ಚಿಗಟ. ಕಿತ್ತರೆ ಗಾಯವಾಗುತ್ತದೆ. ಸ್ವಲ್ಪ ವ್ಯಾಸಲೀನ್ ಸವರಿ, ಕಣ್ಣೊಳಗೆ ಹೋಗದಂತೆ. ಉಸಿರುಕಟ್ಟಿ ಸಾಯುತ್ತವೆ.

ಕೆಂಪು ಹೇನಿಗೆ ಮೊದಲ ಮದ್ದು ಪುಕ್ಕಟೆ. ತತ್ತಿಗಳನ್ನು ಬಟ್ಟೆಯಲ್ಲಿ ಬೆಚ್ಚಗಿಟ್ಟು, ಹಳೇ ಹುಲ್ಲು ಪೂರ್ತಿ ತೆಗೆದು ದೂರದಲ್ಲಿ ಸುಟ್ಟು, ಬುಟ್ಟಿಗೆ ಕುದಿವ ನೀರು ಹೊಯ್ದು ಬಿಸಿಲಿಗಿಡಿ. ಅಷ್ಟರಲ್ಲಿ ಇನ್ನೊಂದು ಬುಟ್ಟಿಗೆ ಜರಡಿ ಹಿಡಿದ ತಣ್ಣನೆಯ ಒಲೆಬೂದಿ, ಮೇಲೆ ಒಣಹುಲ್ಲು ಹಾಕಿ ಕೋಳಿಯನ್ನು ಕೂಡ್ರಿಸಿ. ಅರ್ಧ ಗಂಟೆಯೊಳಗೆ ಮುಗಿಸಿದರೆ ತತ್ತಿಗೆ ಏನೂ ಆಗದು. ಬೂದಿಯಲ್ಲಿ ಬಗ್ಗದಿದ್ದರೆ ಪಶು ವೈದ್ಯರನ್ನು ಕೇಳಿ ಕೋಳಿಗೆಂದೇ ಇರುವ ಪುಡಿ ತನ್ನಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಮನೆಯ ಬೆಕ್ಕನ್ನು ದೂರ ಇಡಿ, ಬೆಕ್ಕಿಗೆ ಅದು ವಿಷ. ಸೀಮೆಎಣ್ಣೆ, ಇರುವೆ ಪುಡಿ, ನುಸಿಗುಳಿಗೆ ಇವನ್ನು ಗೂಡಿಗೆ ಹಾಕಲೇಬೇಡಿ. ತತ್ತಿಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ಹೊರಗಿನ ವಿಷ ಒಳಗಿನ ಮರಿಗೂ ಮುಟ್ಟುತ್ತದೆ.

ತತ್ತಿ ಹೆಚ್ಚುತ್ತಿವೆ, ಅಥವಾ ಕಡಿಮೆಯಾಗುತ್ತಿವೆ

ಹೆಚ್ಚುತ್ತಿದ್ದರೆ ಉಳಿದ ಹೇಂಟೆಗಳು ಅದೇ ಬುಟ್ಟಿಗೆ ಬಂದು ಇಡುತ್ತಿವೆ. ಕೂಡ್ರಿಸುವ ದಿನವೇ ಎಲ್ಲ ತತ್ತಿಗೂ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಸ್ಕೆಚ್ ಪೆನ್ ಬೇಡ. ದಿನಾ ಸಂಜೆ ಗೆರೆಯಿಲ್ಲದವನ್ನು ತೆಗೆದು ಅಡಿಗೆಗೆ ಬಳಸಿ. ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಟ್ಟರೆ ಅಂಚಿನವು ಹೇಂಟೆಯ ಮೈಯಿಂದ ಹೊರಗುಳಿದು ತಣ್ಣಗಾಗುತ್ತವೆ. ತತ್ತಿ ಹೊರಳಿಸುವಾಗ ಅದು ಒಳಗಿನದನ್ನು ಅಂಚಿಗೂ ಅಂಚಿನದನ್ನು ಒಳಕ್ಕೂ ತಳ್ಳುತ್ತಲೇ ಇರುವುದರಿಂದ, ಆಸೆಪಟ್ಟು ಹೆಚ್ಚಿಗೆ ಇಟ್ಟ ಮೂರು ತತ್ತಿ ಉಳಿದವನ್ನೂ ಕೆಡಿಸಬಲ್ಲವು.

ಕಡಿಮೆಯಾಗುತ್ತಿದ್ದರೆ ಚಿಪ್ಪು ಸಿಗುತ್ತದೆಯೋ ನೋಡಿ. ಚಿಪ್ಪಿನ ಚೂರು, ಅಂಟಂಟು ಇದ್ದರೆ ಹೆಗ್ಗಣ, ಮುಂಗುಸಿ, ಇಲ್ಲವೇ ತತ್ತಿ ತಿನ್ನುವ ಚಟ ಹಿಡಿದ ಇನ್ನೊಂದು ಕೋಳಿ. ಚೂರೂ ಇಲ್ಲದೆ ಮಾಯವಾದರೆ ಹಾವೆಂದೇ ತಿಳಿದು ನಡೆದುಕೊಳ್ಳಿ. ಕೇರೆ ಹಾವಾಗಿರುವ ಸಂಭವವೇ ಹೆಚ್ಚಾದರೂ ನಾಗರಹಾವೂ ತತ್ತಿ ನುಂಗುತ್ತದೆ. ಕತ್ತಲಲ್ಲಿ ಬುಟ್ಟಿಗೆ ಬರಿಗೈ ಹಾಕಬೇಡಿ, ಟಾರ್ಚ್ ಬಿಟ್ಟು ಕೋಲಿನಿಂದ ಹುಲ್ಲು ಸರಿಸಿ. ಹಾವು ಕಂಡರೆ ಹಿಂದೆ ಸರಿದು ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಹೇಳಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಮಾಡದೆ, ಕೈ ಅಲುಗಿಸದೆ 108ಕ್ಕೆ ಕರೆ ಮಾಡಿ.

ಇಪ್ಪತ್ತೊಂದು ದಿನ ಕಳೆಯಿತು, ಮರಿ ಇಲ್ಲ

ಮೊದಲು ಕ್ಯಾಲೆಂಡರ್ ನೋಡಿ. ಕೂಡ್ರಿಸಿದ ದಿನವನ್ನು ಸೊನ್ನೆ ಎಂದು ಎಣಿಸಬೇಕು. ಬಹಳ ಜನ ಅದನ್ನೇ ಒಂದು ಎನ್ನುತ್ತಾರೆ, ಒಂದು ದಿನ ಅಲ್ಲೇ ಹೋಯಿತು. ಹೇಂಟೆ ಆಗಾಗ ಎದ್ದು ಹೋಗಿ ತತ್ತಿ ತಣ್ಣಗಾಗಿದ್ದರೆ 22, 23ಕ್ಕೂ ಒಡೆಯಬಹುದು. 24ರ ತನಕ ಕಾಯುವುದರಿಂದ ನಷ್ಟವೇನಿಲ್ಲ. ಗಟ್ಟಿ ನಾತ ಬರುವ, ಬೆವರಿದಂತೆ ಜಿನುಗುವ ತತ್ತಿಯೊಂದನ್ನು ಮಾತ್ರ ಆಗಲೇ ಮೆಲ್ಲಗೆ ತೆಗೆದು ದೂರ ಹೂಳಿ. ಅದು ಗೂಡಿನಲ್ಲೇ ಸಿಡಿದರೆ ಒಳ್ಳೆಯವೂ ಕೆಡುತ್ತವೆ, ನಾತ ವಾರ ಬಿಡುವುದಿಲ್ಲ.

ಕೊನೆಯ ದಿನಗಳಲ್ಲಿ ತತ್ತಿಯನ್ನು ನೀರಲ್ಲಿ ತೇಲಿಸಿ, ಅಲುಗಾಡಿದರೆ ಜೀವ ಇದೆ ಎನ್ನುವ ಪರೀಕ್ಷೆ ಊರಲ್ಲೂ ಇದೆ, ಮೊಬೈಲಿನ ವಿಡಿಯೋಗಳಲ್ಲೂ ಇದೆ. ಬೇಡ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗಿನ ಮರಿ ಮುಳುಗಿ ಸಾಯುತ್ತದೆ. ಕಿವಿಗೆ ಹಿಡಿದರೆ ಸಾಕು. ಹೊರಬರುವ ಒಂದು ದಿನ ಮುಂಚೆ ಒಳಗಿನಿಂದ ಸಣ್ಣಗೆ ಕಿಚ್ ಕಿಚ್ ಕೇಳುತ್ತದೆ, ಕೊಕ್ಕು ಚಿಪ್ಪಿಗೆ ತಾಗುವ ಟಕ್ ಟಕ್ ಬೆರಳಿಗೂ ಗೊತ್ತಾಗುತ್ತದೆ. ಹೇಂಟೆಯ ದನಿಯೂ ಆಗ ಬದಲಾಗಿರುತ್ತದೆ. ಅಲ್ಲಿಯ ತನಕ ಬಾಯಿಬಿಡದ ಕೋಳಿ ತತ್ತಿಯ ಜೊತೆ ಮೆಲ್ಲಗೆ ಮಾತಾಡಲು ಶುರುಮಾಡುತ್ತದೆ.

24 ಕಳೆದೂ ಸದ್ದಿಲ್ಲವೇ? ಮನೆಯಿಂದ ದೂರ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ತತ್ತಿ ಒಡೆದು ನೋಡಿ. ಅಸಹ್ಯದ ಕೆಲಸ ನಿಜ, ಆದರೆ ಮುಂದಿನ ಸಲಕ್ಕೆ ಇದಕ್ಕಿಂತ ಒಳ್ಳೆ ಪಾಠವಿಲ್ಲ.

ಒಳಗೆ ಬರಿ ಲೋಳೆ, ಹಳದಿ ಮಾತ್ರ ಇದ್ದರೆ ಅದು ಗೊಡ್ಡು ತತ್ತಿ. ಹುಂಜ ಇಲ್ಲ, ಇದ್ದರೂ ಮುದಿಯಾಗಿದೆ, ಇಲ್ಲವೇ ಒಂದು ಹುಂಜಕ್ಕೆ ಹತ್ತಕ್ಕಿಂತ ಹೆಚ್ಚು ಹೇಂಟೆ ಇವೆ. ಅಂಗಡಿಯ ಫಾರಂ ತತ್ತಿ ಇಟ್ಟವರಿಗೂ ಇದೇ ಗತಿ, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಪಕ್ಕದ ಮನೆಯವರು ಹುಂಜವನ್ನು ಕೊಯ್ದು ಶಾಗೋತಿ ಸಾರು ಮಾಡಿಬಿಟ್ಟರೆ ಗಾಬರಿ ಬೇಡ. ಒಮ್ಮೆ ಕೂಡಿದ ಹೇಂಟೆ ಸುಮಾರು ಹತ್ತು ದಿನ ಮರಿಯಾಗುವ ತತ್ತಿ ಇಡಬಲ್ಲದು.

ಹಳದಿಯ ಸುತ್ತ ರಕ್ತದ ಉಂಗುರ ಕಂಡರೆ ಮೊದಲ ನಾಲ್ಕೈದು ದಿನದಲ್ಲೇ ಸತ್ತಿದೆ. ಇದು ಬಹುತೇಕ ಕೂಡ್ರಿಸುವ ಮುಂಚಿನ ತಪ್ಪು. ಹದಿನೈದು ದಿನ ಕೂಡಿಟ್ಟ ತತ್ತಿ, ಫ್ರಿಜ್ಜಿನಿಂದ ತೆಗೆದದ್ದು, ಬಿಸಿ ಅಡಿಗೆಮನೆಯ ಮಾಡದಲ್ಲಿ ಇಟ್ಟದ್ದು. ನಮ್ಮವರದ್ದೇ ಆದ ಇನ್ನೊಂದು ಕಾರಣವೂ ಇದೆ: ಊರಿನ ತತ್ತಿ. ಬಾಗಲಕೋಟೆಯಿಂದಲೋ ಗದಗದಿಂದಲೋ ತವರಿನ ಕೋಳಿಯ ತತ್ತಿಯನ್ನು ಜೋಳದ ಚೀಲದಲ್ಲಿ ಹುಗಿಸಿ ಬಸ್ಸಿನಲ್ಲಿ ತರುತ್ತಾರೆ. ಅನಮೋಡ ಘಾಟಿನ ತಿರುವಿನಲ್ಲಿ ಅವು ಕುಲುಕಿ, ಅಗಲ ತುದಿಯ ಗಾಳಿಗುಳ್ಳೆ ಸಡಿಲಾಗುತ್ತದೆ. ಮನೆಗೆ ಬಂದ ಕೂಡಲೇ ಕೋಳಿಯ ಅಡಿ ಇಟ್ಟರೆ ಅರ್ಧ ಹೋದಂತೆ. ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ಒಂದು ಹಗಲು ಸುಮ್ಮನೆ ಬಿಡಿ, ಆಮೇಲೆ ಇಡಿ. ಕೂಡಿಡುವುದಾದರೆ ತಂಪು ಮೂಲೆಯಲ್ಲಿ ಒಂದು ವಾರ, ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಅದಕ್ಕಿಂತ ಹೆಚ್ಚಲ್ಲ. ಕೊಳೆ ಹತ್ತಿದ್ದರೆ ತೊಳೆಯಬೇಡಿ, ಎಣ್ಣೆ ಸವರಬೇಡಿ. ಒಣ ಬಟ್ಟೆಯಿಂದ ಒರೆಸಿ, ತೀರ ಕೊಳಕಾದದ್ದನ್ನು ಇಡಲೇಬೇಡಿ.

ಅರೆಬೆಳೆದ ಮರಿ ಸತ್ತಿದ್ದರೆ ನಡುವೆ ಯಾವುದೋ ದಿನ ಕೋಳಿ ಗೂಡು ಬಿಟ್ಟಿತ್ತು, ಇಲ್ಲವೇ ತತ್ತಿಯ ಚಿಪ್ಪು ಬಿರಿದು ಕೊಳೆ ಒಳಗೆ ಹೋಗಿತ್ತು. ಮೇಲಿನ ಭಾಗಕ್ಕೆ ಹೋಗಿ ಹೇನನ್ನು ಮತ್ತೆ ನೋಡಿ. ಪುಕ್ಕ, ಕೊಕ್ಕು, ಉಗುರು ಎಲ್ಲ ಮೂಡಿ ಪೂರ್ತಿ ಬೆಳೆದ ಮರಿ ಸತ್ತಿದ್ದರೆ ಕೊನೆಯ ಮೂರು ದಿನದ ತೊಂದರೆ. ಮಕ್ಕಳು ದಿನಕ್ಕೆ ಹತ್ತು ಸಲ ಕೋಳಿ ಎತ್ತಿ ನೋಡಿದ್ದು, ಅತಿ ಬಿಸಿ, ಮಳೆಗಾಲದಲ್ಲಿ ಕೆಳಗಿನಿಂದ ನೀರು ಹೀರಿದ ಹುಲ್ಲು. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಕೊನೆಯ ದಿನಗಳಲ್ಲಿ ತತ್ತಿಗೆ ನೀರು ಚಿಮುಕಿಸುವವರಿದ್ದಾರೆ. ಕಡಲ ಪಕ್ಕದ ಈ ಹವೆಯಲ್ಲಿ ತೇವ ಬೇಕಾದಷ್ಟಿದೆ, ಆ ರೂಢಿಯನ್ನು ಇಲ್ಲಿಗೆ ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬುಟ್ಟಿಯನ್ನು ನೆಲದ ಮೇಲೆ ಇಡಲೇಬೇಡಿ, ಎರಡು ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಬುಟ್ಟಿ.

ಗುಡುಗಿಗೆ ತತ್ತಿ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಾರಲ್ಲ, ಅದರಿಂದ ತೊಂದರೆಯಿಲ್ಲ. ಅಜ್ಜಿಯ ಮನಸ್ಸಿಗೆ ಸಮಾಧಾನವಾಗುವುದಾದರೆ ಇಡಿ. ಆದರೆ ಗುಡುಗಿನ ರಾತ್ರಿ ತತ್ತಿ ಕೆಟ್ಟರೆ ಗುಡುಗಿನ ಸದ್ದನ್ನು ದೂರುವ ಬದಲು ಎರಚಲು ಎಲ್ಲಿಂದ ಹೊಡೆಯಿತು ನೋಡಿ.

ಇಷ್ಟೆಲ್ಲ ಒಡೆದು ನೋಡುವ ಪಾಡು ಬೇಡ ಎನ್ನುವವರು ಏಳನೆಯ ರಾತ್ರಿಯೇ ಬೆಳಕಿಗೆ ಹಿಡಿಯಿರಿ. ದೀಪ ಆರಿಸಿ, ತತ್ತಿಯ ಅಗಲ ತುದಿಯನ್ನು ಮೊಬೈಲ್ ಟಾರ್ಚಿಗೆ ಒತ್ತಿ, ಬೆಳಕು ಸೋರದಂತೆ ಬೆರಳು ಸುತ್ತಿಡಿ. ಚಿಪ್ಪು ಒಳಗಿನಿಂದ ಕೆಂಪಗೆ ಬೆಳಗುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಕವಲೊಡೆದ ನರಗಳು ಕಂಡರೆ ಜೀವವಿದೆ. ಸ್ವಲ್ಪ ಹೊತ್ತು ಅಲುಗಿಸದೆ ನೋಡಿದರೆ ಚುಕ್ಕೆ ತಾನೇ ಮಿಸುಕುತ್ತದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು, ಉಂಗುರವಿದ್ದರೆ ಸತ್ತದ್ದು, ಎರಡನ್ನೂ ತೆಗೆಯಿರಿ. ಕಂದು ಚಿಪ್ಪಿನ ತತ್ತಿಯಲ್ಲಿ ಸಂಶಯ ಬಂದರೆ ಹತ್ತನೆಯ ರಾತ್ರಿ ಮತ್ತೆ ನೋಡಿ. ಹದಿನೆಂಟರ ನಂತರ ಹೀಗೆ ಬೆಳಕಿಗೆ ಹಿಡಿಯಬೇಡಿ.

ಒಂದೂ ಮರಿ ಆಗದೆ ಹೇಂಟೆ ಇನ್ನೂ ಹಟ ಹಿಡಿದು ಕೂತಿದ್ದರೆ ಒಂದೆರಡು ದಿನದ ಮರಿಗಳನ್ನು ಕತ್ತಲಲ್ಲಿ ಅದರ ರೆಕ್ಕೆಯಡಿ ತಳ್ಳಿ, ತತ್ತಿ ತೆಗೆದುಬಿಡಿ. ಬಹುಪಾಲು ಒಪ್ಪಿಕೊಳ್ಳುತ್ತದೆ. ಸಂತೆಯಲ್ಲಿ ಬಣ್ಣ ಬಳಿದು ಮಾರುವ ಮರಿಗಳನ್ನು ಮಾತ್ರ ತರಬೇಡಿ, ಅವುಗಳ ಜೊತೆ ರೋಗವೂ ಮನೆಗೆ ಬರುತ್ತದೆ.

ಚಿಪ್ಪು ಒಡೆದಿದೆ, ಮರಿ ಹೊರಬರುತ್ತಿಲ್ಲ

ಕೈ ಕಟ್ಟಿಕೊಂಡು ಕೂರುವುದೇ ಇಲ್ಲಿನ ಮೊದಲ ಚಿಕಿತ್ಸೆ. ಮೊದಲ ತೂತು ಬಿದ್ದ ಮೇಲೆ ಮರಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಸುಮ್ಮನಿರಬಹುದು. ಆ ಹೊತ್ತಿನಲ್ಲಿ ಅದು ಚಿಪ್ಪಿನೊಳಗಿನ ನರಗಳ ರಕ್ತವನ್ನೂ ಉಳಿದ ಹಳದಿಯನ್ನೂ ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಮರುಕಪಟ್ಟು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ.

ಒಂದು ಪೂರ್ತಿ ದಿನ ಕಳೆದು, ಕೂಗು ಕ್ಷೀಣವಾಗಿ, ತೂತಿನ ಅಂಚಿನ ಪೊರೆ ಒಣಗಿ ಹಳದಿಯಾಗಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ನೆನೆಸಿ, ಚಿಪ್ಪಿನ ಒಂದೆರಡು ಚೂರು ತೆಗೆಯಿರಿ. ಕೆಂಪು ಕಂಡ ಕೂಡಲೇ ನಿಲ್ಲಿಸಿ, ಹೇಂಟೆಯ ಅಡಿಗೇ ಇಟ್ಟುಬಿಡಿ.

ಕಾಯಬಾರದ ಸಂದರ್ಭ ಒಂದೇ, ಇರುವೆ. ಮಳೆಗಾಲದಲ್ಲಿ ಕೆಂಪಿರುವೆಗೆ ಒಡೆದ ತತ್ತಿಯ ವಾಸನೆ ಸಿಕ್ಕರೆ ಗಂಟೆಯೊಳಗೆ ಸಾಲು ಹಚ್ಚಿ ಒಳಗಿನ ಮರಿಯನ್ನೇ ಕಚ್ಚಿ ಕೊಲ್ಲುತ್ತವೆ. ಹತ್ತೊಂಬತ್ತನೆಯ ದಿನವೇ ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟು, ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಕೊಡಿ. ಮರಿ ಒಣಗಿದ ಮೇಲೆ ಬುಟ್ಟಿಯನ್ನು ನೆಲಕ್ಕಿಳಿಸಿ, ಇಲ್ಲದಿದ್ದರೆ ಅದೇ ಬಟ್ಟಲಿಗೆ ಬೀಳುತ್ತವೆ.

ಮರಿ ಬಂತು, ತಾಯಿ ಕುಕ್ಕುತ್ತಿದೆ ಅಥವಾ ಬಿಟ್ಟು ನಡೆಯುತ್ತಿದೆ

ಮೊದಲ ಸಲದ ತಾಯಿ ಗಾಬರಿಯಲ್ಲಿ ಒಂದೆರಡು ಸಲ ಕುಕ್ಕುವುದುಂಟು. ಮಂದಿ, ನಾಯಿ, ಉಳಿದ ಕೋಳಿ ಎಲ್ಲರನ್ನೂ ದೂರ ಮಾಡಿ, ಗೂಡು ಕತ್ತಲು ಮಾಡಿದರೆ ತಣಿಯುತ್ತದೆ. ರಕ್ತ ಬರುವಂತೆ ಕುಕ್ಕಿದರೆ ಮರಿ ತೆಗೆದು ಬೆಚ್ಚಗಿಟ್ಟು, ರಾತ್ರಿ ಮತ್ತೆ ರೆಕ್ಕೆಯಡಿ ಇಟ್ಟು ನೋಡಿ. ಬೆಳಗ್ಗೆಯೂ ಹಾಗೇ ಮಾಡಿದರೆ ಆ ತಾಯಿಯ ಆಸೆ ಬಿಡಿ.

ನಾಲ್ಕು ಮರಿ ಆದ ಕೂಡಲೇ ಉಳಿದ ತತ್ತಿ ಬಿಟ್ಟು ನಡೆಯುವ ತಾಯಂದಿರೂ ಇದ್ದಾರೆ. ಮೊದಲ ಮರಿಗಳು ಹಸಿದಿವೆ ಎಂದು ನೀವೇ ಗೂಡಿನ ಹೊರಗೆ ನುಚ್ಚು ಎರಚಿ ಕರೆದದ್ದು ಇದಕ್ಕೆ ಕಾರಣವಾಗಿರಬಹುದು. ಹೊಟ್ಟೆಯೊಳಗಿನ ಹಳದಿಯ ಬಲದಲ್ಲಿ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಆದ್ದರಿಂದ ಅವಸರ ಬೇಡ.

ತಾಯಿಯೇ ಇಲ್ಲದಂತಾದರೆ ರಟ್ಟಿನ ಪೆಟ್ಟಿಗೆ, ಬಲ್ಬು. ಮೊದಲ ವಾರ ಮರಿಯ ಎತ್ತರದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ. ಬಲ್ಬು ರಟ್ಟಿಗೆ, ಹುಲ್ಲಿಗೆ ತಾಗದಂತೆ ತಂತಿಯಿಂದ ಬಿಗಿಯಾಗಿ ಕಟ್ಟಿ. ಮನೆಗೆ ಬೆಂಕಿ ಬೀಳುವುದು ಹೀಗೇ.

ಮರಿ ಒಂದೊಂದಾಗಿ ಕಾಣೆಯಾಗುತ್ತಿವೆ

ಹಗಲು ಗುರುತೇ ಇಲ್ಲದೆ ಹೋದರೆ ಹದ್ದು, ಕಾಗೆ. ಕುತ್ತಿಗೆ ಕಚ್ಚಿ ಅಲ್ಲೇ ಬಿಟ್ಟಿದ್ದರೆ ಮುಂಗುಸಿ. ರಾತ್ರಿ ಗೂಡಿನೊಳಗಿಂದ ಹೋಗಿ, ಹತ್ತಿರದ ಬಿಲದ ಬಾಯಲ್ಲಿ ಪುಕ್ಕ ಕಂಡರೆ ಹೆಗ್ಗಣ. ಕೋಳಿಜಾಲಿ ಎಂದು ಮಾರುವ ಆರು ಮೂಲೆಯ ತೂತಿನ ತಂತಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ಹೆಗ್ಗಣವನ್ನೂ ಹಾವನ್ನೂ ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಜಾಲಿ ಬೇಕು, ಅಂಚು ನೆಲದೊಳಗೆ ಒಂದು ಗೇಣು ಇಳಿದಿರಬೇಕು. ಮೊದಲ ಎರಡು ವಾರ ತಾಯಿ ಮರಿಗಳನ್ನು ಅದರೊಳಗೇ ಇಟ್ಟು, ಆಮೇಲೆ ಬಿಸಿಲೇರಿದ ಮೇಲೆ ಬಿಡಿ.

ನೀರಿನ ತಟ್ಟೆಯನ್ನೂ ಮರೆಯಬೇಡಿ. ಅಗಲ ತಟ್ಟೆಯಲ್ಲಿ ಮುಳುಗಿ ಸಾಯುವ ಮರಿಗಳು ಕಡಿಮೆಯಲ್ಲ. ತಟ್ಟೆಯ ತುಂಬ ಬೆಣಚುಕಲ್ಲು ಹಾಕಿದರೆ ಕೊಕ್ಕು ಇಳಿಯುವಷ್ಟೇ ನೀರು ಉಳಿಯುತ್ತದೆ.

ಮರಿ ಮುದುಡಿ ನಿಂತಿದೆ

ಮೊದಲು ಬಾಲದಡಿ ನೋಡಿ. ಹಿಕ್ಕೆ ಒಣಗಿ ದ್ವಾರ ಮುಚ್ಚಿದ್ದರೆ ಬಿಸಿನೀರಿನ ಹತ್ತಿಯಿಂದ ನೆನೆಸಿ ಬಿಡಿಸಿ, ಎಳೆಯಬೇಡಿ. ಆಮೇಲೆ ಹೊಟ್ಟೆ: ಹೊಕ್ಕುಳು ಒದ್ದೆಯಾಗಿ ನಾರುತ್ತಿದ್ದರೆ ಸೋಂಕು, ಅಂಥ ಮರಿ ಉಳಿಯುವುದು ಅಪರೂಪ. ಕಾಲು ಅಗಲ ಜಾರುತ್ತಿದ್ದರೆ ಅಡಿಯಲ್ಲಿ ಹಾಸಿದ ನುಣುಪು ಪೇಪರನ್ನು ತೆಗೆದು ಗೋಣಿ ಹಾಸಿ. ಬರಿ ಅಕ್ಕಿನುಚ್ಚಿನ ಮೇಲೆ ಬೆಳೆದ ಮರಿಯ ಕಾಲು ಸೋಲುತ್ತವೆ, ಬೆರಳು ಮಡಚಿಕೊಳ್ಳುತ್ತವೆ. ಮರಿಯ ಮೇವು ಎಂದು ಮಾರುವ ಸ್ಟಾರ್ಟರ್ ಫೀಡ್ ಕೊಡಿ, ತಾಯಿಯೂ ಅದನ್ನೇ ತಿನ್ನಲಿ.

ಮೂರರಿಂದ ಆರು ವಾರದ ಮರಿ ಮುದುಡಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ. ಒದ್ದೆ ಹಾಸಿನಲ್ಲಿ ಬೆಳೆಯುವ ರೋಗಾಣುವಿನಿಂದ ಬರುತ್ತದೆ, ಗೋವಾದ ಮಳೆಗಾಲಕ್ಕೆ ಇದು ಖಾಯಂ ಅತಿಥಿ. ಹಾಸು ಅಂದೇ ಬದಲಿಸಿ, ಹಿಕ್ಕೆಯ ಮಾದರಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ. ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಬೇಗ ಸಿಕ್ಕರೆ ಬಹುಪಾಲು ಮರಿ ಉಳಿಯುತ್ತವೆ. ಅಳತೆ ವೈದ್ಯರು ಹೇಳಿದಷ್ಟೇ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಮಾತ್ರೆ ತಂದು ಅರೆದು ಹಾಕುವುದು ಬೇಡ.

ಕುತ್ತಿಗೆ ತಿರುಚಿ, ಬಾಯಿ ತೆರೆದು ಉಸಿರೆಳೆಯುತ್ತಾ, ಬಿಳಿ ಹಸಿರು ಭೇದಿಯಾದರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗ ಎಂದು ಶಂಕಿಸಬೇಕು. ಇದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ. ಐದರಿಂದ ಏಳು ದಿನದ ಮರಿಯ ಕಣ್ಣಿಗೆ ಲಸೋಟಾ ಲಸಿಕೆ ಒಂದು ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುವ ಲಸಿಕೆ. ಒಂದು ಸೀಸೆಯಲ್ಲಿ ನೂರಾರು ಮರಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಓಣಿಯ ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಹಾಕಿಸುವುದು ಲೇಸು. ತರುವಾಗ ಐಸ್ ಬೇಕೇ ಬೇಕು. ನಿಮ್ಮ ತಾಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಪಣಜಿ ಕಡೆಯವರಿಗೆ ಟೊಂಕದ ಸರ್ಕಾರಿ ಪಶು ಆಸ್ಪತ್ರೆ ಹತ್ತಿರ.

ಒಂದೆರಡು ದಿನದಲ್ಲಿ ದೊಡ್ಡ ಕೋಳಿಗಳೂ ಸಾಲಾಗಿ ಸತ್ತರೆ, ಜುಟ್ಟು ನೀಲಿಯಾಗಿ ಮುಖ ಊದಿದ್ದರೆ, ನಿಮ್ಮ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ. ಹಕ್ಕಿಜ್ವರ ಇರಬಹುದು. ಪಕ್ಕದ ಮಹಾರಾಷ್ಟ್ರದ ನವಾಪುರದಲ್ಲಿ 2006ರಲ್ಲಿ ಅದು ಬಂದಾಗ ಲಕ್ಷಗಟ್ಟಲೆ ಕೋಳಿ ಕೊಲ್ಲಬೇಕಾಯಿತು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ತಿನ್ನಬೇಡಿ, ಮಾರಬೇಡಿ, ನಾಲೆಗೆ ಎಸೆಯಬೇಡಿ, ಮಕ್ಕಳನ್ನು ದೂರವಿಟ್ಟು ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಉಳಿದ ದಿನಗಳಲ್ಲೂ ಮರಿ ಮುಟ್ಟಿದ ಮಕ್ಕಳ ಕೈ ಸೋಪಿನಿಂದ ತೊಳೆಸಿ, ಮುದ್ದು ಮಾಡಿ ಮುತ್ತು ಕೊಡುವುದನ್ನು ಬಿಡಿಸಿ.

ತಾಯಿ ಮರಿಗಳನ್ನು ಓಡಿಸುತ್ತಿದೆ

ಮರಿಗೆ ಆರು ವಾರ ಆಗಿದ್ದರೆ ಇದು ದೋಷವೇ ಅಲ್ಲ. ಪುಕ್ಕ ಬಲಿತ ಮರಿಗಳನ್ನು ಕುಕ್ಕಿ ದೂರ ಮಾಡಿ, ಹೇಂಟೆ ಮತ್ತೆ ಹುಂಜದ ಹಿಂದೆ ತಿರುಗುತ್ತದೆ, ಕೆಲವು ದಿನದಲ್ಲಿ ತತ್ತಿ ಇಡಲು ಶುರುಮಾಡುತ್ತದೆ. ಮೂರು ನಾಲ್ಕು ವಾರದಲ್ಲೇ ಓಡಿಸಿದರೆ, ಅದೂ ಮಳೆಗಾಲದಲ್ಲಿ, ಮರಿಗಳಿಗೆ ರಾತ್ರಿ ಬಲ್ಬಿನ ವ್ಯವಸ್ಥೆ ಮಾಡಿ ಬೇರೆ ಗೂಡಿಗೆ ಹಾಕಿ. ಹಳೇ ಬುಟ್ಟಿಯನ್ನು ಮುಂದಿನ ಕಾವಿಗೆ ಎತ್ತಿಡುವ ಮುಂಚೆ ಕುದಿವ ನೀರು ಹೊಯ್ದು, ಎರಡು ಬಿಸಿಲು ಕಾಯಿಸಿ, ಒಣಗಿದ ಮೇಲೆ ಬೂದಿ ಬಳಿದು ನೇತುಹಾಕಿ.